ಸೆಕೆಯ ಲೆಕ್ಕ: ಕರಾವಳಿಯ ಬೇಸಿಗೆಯಲ್ಲಿ ನಮ್ಮ ಮೈ ಮಾಡುವ ಕೆಲಸ

ಕಲಬುರಗಿಯ ನನ್ನ ಗೆಳೆಯ ಏಪ್ರಿಲ್ ಬಂತೆಂದರೆ ಫೋನ್ ಮಾಡುತ್ತಾನೆ. "42 ಡಿಗ್ರಿ ಆಗ್ಯದ ನೋಡಪಾ ಇಲ್ಲಿ. ನಿಮ್ಮ ಕಾರವಾರದಾಗ 34 ಅಷ್ಟೇ ಅದ, ಆರಾಮ ಇದ್ದೀರಿ." ಹಾಗೆ ಹೇಳುತ್ತಿದ್ದವನು ಒಮ್ಮೆ ಏಪ್ರಿಲ್‌ನಲ್ಲೇ ನಮ್ಮ ಮನೆಗೆ ಬಂದ. ಜಗಲಿಯ ನೆರಳಿನಲ್ಲಿ ಹತ್ತು ನಿಮಿಷ ಕುಳಿತಿದ್ದ. ಅಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಇದೇನಪಾ, ನೆರಳಾಗ ಕುಂತರೂ ನೀರು ಇಳೀಲಿಕ್ಕತ್ತದ" ಅಂದ. ಅಮ್ಮ ಒಳಗಿನಿಂದಲೇ ಉತ್ತರ ಕೊಟ್ಟರು: "ಅದು ಬಿಸಿಲಲ್ಲ, ಸೆಕೆ."

ನಮ್ಮ ಕಡೆ ಈ ಎರಡೂ ಬೇರೆ ಬೇರೆ ಮಾತು. ಬಿಸಿಲು ಮೇಲಿನಿಂದ ಬೀಳುತ್ತದೆ, ಕೊಡೆ ಹಿಡಿದರೆ ಕಡಿಮೆಯಾಗುತ್ತದೆ. ಸೆಕೆ ಸುತ್ತಲೂ ಇರುತ್ತದೆ. ನೆರಳಿಗೆ ಹೋದರೂ ಬಿಡುವುದಿಲ್ಲ, ರಾತ್ರಿಯೂ ಬಿಡುವುದಿಲ್ಲ. ಮಾಜಾಳಿಯಿಂದ ಭಟ್ಕಳದವರೆಗೆ ಯಾರನ್ನು ಕೇಳಿದರೂ ಈ ವ್ಯತ್ಯಾಸ ಹೇಳುತ್ತಾರೆ. ಆದರೆ ಟಿವಿಯಲ್ಲಿ, ಮೊಬೈಲಿನಲ್ಲಿ ನಮಗೆ ಸಿಗುವುದು ಒಂದೇ ಸಂಖ್ಯೆ: ಇಂದು ಗರಿಷ್ಠ ಉಷ್ಣಾಂಶ ಇಷ್ಟು. ಆ ಒಂದು ಸಂಖ್ಯೆ ಕರಾವಳಿಯವರ ಮೈಮೇಲಿನ ಭಾರವನ್ನು ತೋರಿಸುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೈ ತನ್ನ ಬಿಸಿಯನ್ನು ಹೇಗೆ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ ಅನ್ನುವುದನ್ನು ನೋಡಬೇಕು.

ಮೊದಲು ಒಂದು ಸಣ್ಣ ಲೆಕ್ಕ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಸಾಮಾನ್ಯ ಥರ್ಮಾಮೀಟರಿಗಿಂತ ಕಡಿಮೆ ತೋರಿಸುತ್ತದೆ. ಬಟ್ಟೆಯ ನೀರು ಆರುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ, ಅದಕ್ಕೇ. ಇದನ್ನು ವೆಟ್ ಬಲ್ಬ್ ಉಷ್ಣಾಂಶ ಅನ್ನುತ್ತಾರೆ. ಗಾಳಿ ಒಣಗಿದ್ದರೆ ನೀರು ಬೇಗ ಆರುತ್ತದೆ, ಆ ಸಂಖ್ಯೆ ತುಂಬಾ ಕೆಳಗೆ ಇಳಿಯುತ್ತದೆ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಇಳಿಯುವುದಿಲ್ಲ. ಈಗ ನೋಡಿ: 42 ಡಿಗ್ರಿ ಬಿಸಿ, ಶೇಕಡಾ 20 ತೇವಾಂಶ ಇರುವ ಊರಿನಲ್ಲಿ ವೆಟ್ ಬಲ್ಬ್ ಉಷ್ಣಾಂಶ ಸುಮಾರು 24 ಡಿಗ್ರಿ. 34 ಡಿಗ್ರಿ ಬಿಸಿ, ಶೇಕಡಾ 70 ತೇವಾಂಶ ಇರುವ ಊರಿನಲ್ಲಿ ಅದು 29 ದಾಟುತ್ತದೆ. ಗೆಳೆಯನ ಊರಿಗಿಂತ 8 ಡಿಗ್ರಿ ತಂಪಾದ ಊರು, ಬೆವರಿನ ಲೆಕ್ಕದಲ್ಲಿ 5 ಡಿಗ್ರಿ ಜಾಸ್ತಿ ಬಿಸಿ. ಅಮ್ಮ ಹೇಳಿದ್ದು ಇದನ್ನೇ.

ಈಗ ಒಳಗಿನ ಕಥೆ. ಸುಮ್ನೆ ಕುಳಿತಿರುವ ದೊಡ್ಡವರ ಮೈ ಸುಮಾರು 100 ವಾಟ್ ಬಿಸಿಯನ್ನು ಹುಟ್ಟಿಸುತ್ತಲೇ ಇರುತ್ತದೆ. ಹಳೆಯ ಕಾಲದ ಹಳದಿ ಬಲ್ಬ್ ನೆನಪಿದೆಯಲ್ಲ, ಅಂಥದ್ದೊಂದು ಒಳಗೆ ಸದಾ ಉರಿಯುತ್ತಿರುವ ಹಾಗೆ. ಹೃದಯ ಬಡಿಯುವುದು, ಲಿವರ್ ದುಡಿಯುವುದು, ಮಿದುಳು ಯೋಚಿಸುವುದು ಎಲ್ಲದಕ್ಕೂ ಈ ಬಿಸಿ ಬೆಲೆ. ಬುಟ್ಟಿ ಹೊತ್ತು ನಡೆದರೆ, ಬಲೆ ಎಳೆದರೆ, ಗುದ್ದಲಿ ಹಿಡಿದರೆ ಇದು 400 ವಾಟ್ ದಾಟುತ್ತದೆ. ಇಷ್ಟೆಲ್ಲ ಬಿಸಿ ಹುಟ್ಟಿದರೂ ಒಳಗಿನ ಉಷ್ಣಾಂಶ 37 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಒಂದೆರಡು ಡಿಗ್ರಿ ಏರಿದರೆ ತಲೆಸುತ್ತು, ವಾಂತಿ. 40 ದಾಟಿದರೆ ಮಿದುಳಿನ ಕೆಲಸವೇ ಏರುಪೇರಾಗುತ್ತದೆ.

ಹೊರಗೆ ಏನೇ ಆದರೂ ಒಳಗನ್ನು ಒಂದು ಮಿತಿಯೊಳಗೆ ಇಟ್ಟುಕೊಳ್ಳುವ ಈ ಗುಣಕ್ಕೆ ಹೋಮಿಯೋಸ್ಟಾಸಿಸ್ ಅನ್ನುವ ಹೆಸರು ಕೊಟ್ಟವರು ಅಮೆರಿಕದ ವೈದ್ಯವಿಜ್ಞಾನಿ ವಾಲ್ಟರ್ ಕ್ಯಾನನ್, 1926ರಲ್ಲಿ. ಅವರಿಗೂ ಮೊದಲು, 19ನೇ ಶತಮಾನದಲ್ಲಿ, ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಜೀವಕೋಶಗಳು ಬದುಕುವುದು ಹೊರಗಿನ ಗಾಳಿಯಲ್ಲಲ್ಲ, ಮೈಯೊಳಗಿನ ದ್ರವದಲ್ಲಿ ಅಂತ ತೋರಿಸಿಕೊಟ್ಟಿದ್ದರು. ಪುಸ್ತಕಗಳಲ್ಲಿ ಇದನ್ನು ವಿವರಿಸಲು ಫ್ರಿಜ್ಜು, ಎಸಿ ಎಲ್ಲ ತರುತ್ತಾರೆ. ನನಗೆ ಮಾತ್ರ ಅಘನಾಶಿನಿ ದಡದ ಗಜನಿ ಗದ್ದೆಯ ಬಾಗಿಲು ನೆನಪಾಗುತ್ತದೆ. ಉಬ್ಬರ ಬಂದಾಗ ಉಪ್ಪುನೀರು ನುಗ್ಗುತ್ತದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಏರುತ್ತದೆ. ಕಟ್ಟೆಯ ಬಾಗಿಲನ್ನು ನೋಡಿಕೊಂಡು ತೆರೆದು ಮುಚ್ಚಿದರೆ ಮಾತ್ರ ಒಳಗೆ ಕಗ್ಗ ಭತ್ತ ಬದುಕುತ್ತದೆ. ಒಳಗಿನ ನೀರು ಯಾವತ್ತೂ ಒಂದೇ ಮಟ್ಟದಲ್ಲಿ ನಿಂತಿರುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಮಿತಿ ಮೀರುವ ಮೊದಲೇ ಯಾರೋ ಬಾಗಿಲಿಗೆ ಕೈ ಹಾಕುತ್ತಾರೆ. ಮೈಯಲ್ಲೂ ಹಾಗೆಯೇ. ಅದು ನಿಂತ ನೀರಿನ ಸಮತೋಲ ಅಲ್ಲ, ದಿನವಿಡೀ ದುಡಿದು ಉಳಿಸಿಕೊಂಡ ಸಮತೋಲ.

ಬಾಗಿಲು ಕಾಯುವವನು ಮಿದುಳಿನ ಬುಡದಲ್ಲಿದ್ದಾನೆ. ಹೈಪೋಥಲಾಮಸ್ ಅನ್ನುವ ಬಾದಾಮಿಯಷ್ಟೇ ದೊಡ್ಡ ಭಾಗ ಅದು. ಅದಕ್ಕೆ ಎರಡು ಕಡೆಯಿಂದ ಸುದ್ದಿ ಬರುತ್ತದೆ. ತನ್ನ ಮೂಲಕ ಹರಿಯುವ ರಕ್ತ ಎಷ್ಟು ಬಿಸಿ ಇದೆ ಅಂತ ಅದಕ್ಕೇ ಗೊತ್ತಾಗುತ್ತದೆ. ಹೊರಗಿನ ಸುದ್ದಿಯನ್ನು ಚರ್ಮದ ನರಗಳು ತರುತ್ತವೆ. ಇದರಿಂದ ಒಂದು ಲಾಭ ಇದೆ. ಬಿಸಿಲಿಗೆ ಕಾಲಿಟ್ಟ ಕೂಡಲೇ, ಒಳಗಿನ ರಕ್ತ ಇನ್ನೂ ಬಿಸಿಯಾಗುವ ಮೊದಲೇ, ಮೈ ತಯಾರಿ ಶುರು ಮಾಡುತ್ತದೆ.

ಚರ್ಮದ ಈ ಸುದ್ದಿಗಾರರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸುಮಾರು 43 ಡಿಗ್ರಿಗಿಂತ ಜಾಸ್ತಿ ಬಿಸಿ ತಾಗಿದರೆ ನರದ ತುದಿಯಲ್ಲಿರುವ ಒಂದು ಪ್ರೋಟೀನ್ ಬಾಗಿಲು ತೆರೆಯುತ್ತದೆ. ಮೆಣಸಿನಕಾಯಿಯ ಖಾರದ ಅಂಶ ಅದೇ ಬಾಗಿಲನ್ನು ತಟ್ಟುತ್ತದೆ. ಮಿದುಳಿಗೆ ಎರಡೂ ಒಂದೇ ಸುದ್ದಿ: ಸುಡುತ್ತಿದೆ! ಅದಕ್ಕೇ ಅಂಕೋಲೆಯ ಖಾರದ ಮೀನು ಸಾರು ಉಂಡರೆ ಹಣೆಯಲ್ಲಿ ಬೆವರೊಡೆಯುವುದು. ಮೈ ಬಿಸಿಯಾಗಿರುವುದಿಲ್ಲ, ಬಿಸಿಯಾಗಿದೆ ಅಂತ ಸುದ್ದಿ ಹೋಗಿರುತ್ತದೆ. ಈ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ, ಒತ್ತಡ ಮತ್ತು ಸ್ಪರ್ಶದ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರ ಜೊತೆ 2021ರ ನೊಬೆಲ್ ಪ್ರಶಸ್ತಿ ಬಂತು. ಕಾಳುಮೆಣಸಿನ ಖಾರವೂ ತಟ್ಟುವುದು ಇದೇ ಬಾಗಿಲನ್ನು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು, ಆ ಮೆಣಸಿಗಾಗಿ ಹಡಗುಗಳು ಕಡಲು ದಾಟಿ ಬಂದದ್ದು ನಮಗೆಲ್ಲ ಗೊತ್ತು. ಅಷ್ಟು ದೊಡ್ಡ ವ್ಯಾಪಾರದ ಬೇರು ನರದ ತುದಿಯ ಒಂದು ಪುಟ್ಟ ಬಾಗಿಲಿನಲ್ಲಿ ಇತ್ತು ಅನ್ನುವುದು ನನಗೆ ಇವತ್ತಿಗೂ ಬೆರಗು.

ಸುದ್ದಿ ಬಂದ ಮೇಲೆ ಹೈಪೋಥಲಾಮಸ್ ಎರಡು ಕೆಲಸ ಮಾಡಿಸುತ್ತದೆ. ಮೊದಲನೆಯದು, ಚರ್ಮದ ರಕ್ತನಾಳಗಳನ್ನು ಅಗಲ ಮಾಡುವುದು. ಒಳಗಿನ ಬಿಸಿರಕ್ತ ಹೊರಮೈಗೆ ಬರುತ್ತದೆ, ಮುಖ ಕೆಂಪಾಗುತ್ತದೆ, ಬಿಸಿ ಗಾಳಿಗೆ ಸೇರುತ್ತದೆ. ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಹೊರಗೂ 34, 35 ಇದ್ದರೆ ಈ ದಾರಿ ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಉಳಿಯುವುದು ಎರಡನೆಯ ದಾರಿ: ಬೆವರು.

ನಮ್ಮ ಮೈಮೇಲೆ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಬಿಸಿ ಹೊರಗೆ ಹೋಗುತ್ತದೆ. ಸುಮ್ನೆ ಕುಳಿತವರ 100 ವಾಟ್ ಬಿಸಿಯನ್ನು ಬೆವರೊಂದೇ ಹೊರಹಾಕಬೇಕಾದರೆ ಗಂಟೆಗೆ ಸುಮಾರು 150 ಮಿಲಿಲೀಟರ್ ಆವಿಯಾದರೆ ಸಾಕು. 400 ವಾಟಿನ ದುಡಿಮೆಗೆ 600 ಮಿಲಿಲೀಟರ್ ಬೇಕು. ಇಲ್ಲಿ 'ಆವಿಯಾದರೆ' ಅನ್ನುವ ಮಾತೇ ಮುಖ್ಯ. ಬೆವರು ಸುರಿದರೆ ತಂಪಾಗುವುದಿಲ್ಲ, ಆರಿದರೆ ತಂಪಾಗುತ್ತದೆ. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಹನಿ ಮೈಯ ಬಿಸಿಯನ್ನು ಒಯ್ಯುವುದೇ ಇಲ್ಲ. ನೀರು ಹೋಯಿತು, ಉಪ್ಪು ಹೋಯಿತು, ಬಿಸಿ ಹಾಗೇ ಉಳಿಯಿತು. ಕಲಬುರಗಿಯಲ್ಲಿ ಬೆವರು ಕಾಣುವ ಮೊದಲೇ ಆರುತ್ತದೆ, ಅಂಗಿಯ ಮೇಲೆ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ನಮ್ಮಲ್ಲಿ ಅಂಗಿ ಒದ್ದೆಯಾಗಿಯೇ ಇರುತ್ತದೆ. ಬೆವರು ಆರದಿದ್ದಾಗ ಮೈ ಇನ್ನಷ್ಟು ಬೆವರು ಸುರಿಸುತ್ತದೆ, ಅದೂ ಆರುವುದಿಲ್ಲ.

ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ದುಡಿಯುವವರಿಗೆ ಈ ಲೆಕ್ಕ ಹೊಸದಲ್ಲ. ಒಣಗಾಳಿ ಬೀಸಿದ ದಿನ ಪಾತಿಯಲ್ಲಿ ಉಪ್ಪು ಬೇಗ ಕಟ್ಟುತ್ತದೆ. ಗಾಳಿ ತೇವವಾದರೆ ತಡ. ಪಾತಿಯ ನೀರು ಆರುವುದಕ್ಕೂ ಅದರ ಪಕ್ಕ ನಿಂತವರ ಬೆನ್ನಿನ ಬೆವರು ಆರುವುದಕ್ಕೂ ನಿಯಮ ಒಂದೇ.

ಹಾಗಾದರೆ ಮೈ ಎಲ್ಲಿಯವರೆಗೆ ತಡೆದೀತು? 2010ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ವೆಟ್ ಬಲ್ಬ್ 35 ಡಿಗ್ರಿಯನ್ನು ಕೊನೆಯ ಗೆರೆ ಅಂದಿತು. ಚರ್ಮವೂ 35, ಒದ್ದೆ ಬಟ್ಟೆಯೂ 35 ಅಂದರೆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಎಷ್ಟೇ ಗಟ್ಟಿಮುಟ್ಟಾದವರೂ, ನೆರಳಿನಲ್ಲಿ ಫ್ಯಾನ್ ಹಾಕಿಕೊಂಡು ಕುಳಿತರೂ, ಕೆಲವು ಗಂಟೆಗಳಾಚೆ ಉಳಿಯುವುದು ಕಷ್ಟ. ಇದು ಕಾಗದದ ಮೇಲಿನ ಲೆಕ್ಕವಾಗಿತ್ತು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರನ್ನು ಬಿಸಿ ಕೋಣೆಯಲ್ಲಿ ಕೂರಿಸಿ, ಸಣ್ಣಪುಟ್ಟ ಕೆಲಸ ಮಾಡಿಸಿ, ಒಳಗಿನ ಉಷ್ಣಾಂಶ ಅಳೆದರು. ತೇವದ ವಾತಾವರಣದಲ್ಲಿ ಅವರ ಮೈ ಸೋಲಲು ಶುರುವಾದದ್ದು 35ರಲ್ಲಿ ಅಲ್ಲ, 30ರಿಂದ 31ರ ಆಸುಪಾಸಿನಲ್ಲೇ. ಸೋಲುವುದು ಅಂದರೆ ಆ ಕೂಡಲೇ ಬೀಳುವುದು ಅಂತಲ್ಲ. ಅಲ್ಲಿಂದ ಮುಂದೆ ಒಳಗಿನ ಬಿಸಿ ಒಂದು ಕಡೆ ನಿಲ್ಲದೆ ಏರುತ್ತಲೇ ಹೋಗುತ್ತದೆ. ಕೆಲಸ ನಿಲ್ಲಿಸಿ ತಂಪಿಗೆ ಹೋಗದಿದ್ದರೆ ಅಪಾಯ.

ನಮ್ಮ 34 ಡಿಗ್ರಿ, ಶೇಕಡಾ 70ರ ದಿನವನ್ನು ಮತ್ತೊಮ್ಮೆ ನೋಡಿ. 29 ದಾಟಿದೆ. ಗೆರೆಗೆ ಒಂದೆರಡು ಡಿಗ್ರಿ ಮಾತ್ರ ಬಾಕಿ. ಆ ಗೆರೆಯೂ ಆರೋಗ್ಯವಂತ ಯುವಜನರದ್ದು. ಎಪ್ಪತ್ತರ ಅಜ್ಜಿಯದ್ದಲ್ಲ, ನೆತ್ತಿಯ ಮೇಲೆ ಬಿಸಿಲು ಹೊತ್ತು ಮೀನಿನ ಬುಟ್ಟಿ ಇಟ್ಟುಕೊಂಡವರದ್ದೂ ಅಲ್ಲ.

ಬೆವರಿನ ಜೊತೆ ಇನ್ನೊಂದು ಸಮತೋಲ ಕದಡುತ್ತದೆ: ನೀರು ಮತ್ತು ಉಪ್ಪು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ, ನಮ್ಮ ರಕ್ತಕ್ಕೆ ಹೊಂದುವ ಉಪ್ಪು ಅಷ್ಟು. ಬೆವರಿನಲ್ಲಿ ಸಾಮಾನ್ಯವಾಗಿ 1ರಿಂದ 4 ಗ್ರಾಂ. ಬೆವರಿನ ಉಪ್ಪು ರಕ್ತದ ಉಪ್ಪಿಗಿಂತ ಕಡಿಮೆ, ಹಾಗಾಗಿ ಬೆವರಿದಾಗ ರಕ್ತ ಗಟ್ಟಿಯಾಗುತ್ತ ಬರುತ್ತದೆ. ಹೈಪೋಥಲಾಮಸ್ ಇದನ್ನೂ ಅಳೆಯುತ್ತದೆ. ರಕ್ತ ಒಂದೆರಡು ಶೇಕಡಾ ಗಟ್ಟಿಯಾದರೂ ಸಾಕು, ಬಾಯಾರಿಕೆ ಹುಟ್ಟಿಸುತ್ತದೆ. ಜೊತೆಗೆ ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನಿನ ಮೂಲಕ ಕಿಡ್ನಿಗೆ ನೀರು ಉಳಿಸು ಅಂತ ಹೇಳಿ ಕಳಿಸುತ್ತದೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಅದರಲ್ಲಿ ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗುವುದು ಈ ಆಜ್ಞೆಯಿಂದಲೇ. ನೀರು ಕುಡಿಯುವುದು ಸಾಕಾಗಿಲ್ಲ ಅನ್ನುವುದಕ್ಕೆ ಅದಕ್ಕಿಂತ ಸುಲಭದ ಗುರುತು ಬೇರೆ ಇಲ್ಲ.

ಅಘನಾಶಿನಿಯ ಬಳಚು ಅನ್ನುವ ಚಿಪ್ಪುಜೀವಿ ಬೇರೆಯೇ ದಾರಿ ಹಿಡಿದಿದೆ. ಹೊಳೆಯ ಉಪ್ಪು ಏರಿದರೆ ಅದರ ಮೈಯ ಉಪ್ಪೂ ಏರುತ್ತದೆ, ಇಳಿದರೆ ಇಳಿಯುತ್ತದೆ. ತೀರಾ ಹೆಚ್ಚುಕಡಿಮೆಯಾದರೆ ಚಿಪ್ಪು ಮುಚ್ಚಿ ಕುಳಿತುಬಿಡುತ್ತದೆ. ನಮಗೆ ಚಿಪ್ಪಿಲ್ಲ. ಆ ಬಳಚನ್ನು ಹೆಕ್ಕಲು ಇಳಿತದ ಹೊತ್ತಿನಲ್ಲಿ ಸೊಂಟದವರೆಗೆ ನೀರಿನಲ್ಲಿ, ನೆತ್ತಿಯವರೆಗೆ ಬಿಸಿಲಿನಲ್ಲಿ ನಿಲ್ಲುವವರು ಒಳಗಿನ ಉಪ್ಪನ್ನು ತಾವೇ ಕಾಯಬೇಕು.

ಇಲ್ಲಿ ನಮ್ಮ ಅಡುಗೆಮನೆಗೆ ಒಂದು ನಮಸ್ಕಾರ ಹೇಳಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತ್ತು. ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ನೀರಿಗೆ ಸಕ್ಕರೆ ಮತ್ತು ಉಪ್ಪು ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಅದರ ಹಿಂದಿನ ಗುಟ್ಟು ಕರುಳಿನಲ್ಲಿದೆ. ಗ್ಲೂಕೋಸ್ ಇದ್ದರೆ ಕರುಳು ಉಪ್ಪನ್ನು ಬೇಗ ಹೀರಿಕೊಳ್ಳುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಬರುತ್ತದೆ. ಇಂದಿನ ಓಆರ್‌ಎಸ್ ಪೊಟ್ಟಣವೂ ಇದೇ. ಗಂಜಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ಹಾಗಾಗಿ ಉಪ್ಪು ಹಾಕಿದ ಗಂಜಿ ತೆಳಿ ಮಾಡುವುದೂ ಅದೇ ಕೆಲಸವನ್ನೇ. ಉಪ್ಪು ಹಾಕಿದ ನೀರುಮಜ್ಜಿಗೆ, ಶಿರಸಿ ಕಡೆಯ ಅಪ್ಪೆಹುಳಿ, ಉಪ್ಪು ಸಕ್ಕರೆ ಬೆರೆಸಿದ ಮುರುಗಲು ಪಾನಕ ಎಲ್ಲವೂ ನೀರಿನ ಜೊತೆ ಉಪ್ಪನ್ನು ವಾಪಸ್ ಕೊಡುತ್ತವೆ. ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ದಿನವಿಡೀ ಬೆವರಿದವರಿಗೆ ಅದೊಂದೇ ಸಾಲದು. ಗಂಟೆಗಟ್ಟಲೆ ಬೆವರು ಸುರಿಸಿ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ತೊಂದರೆ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ಗೊಂದಲ ಶುರುವಾಗುತ್ತದೆ. ಬಿಪಿ, ಕಿಡ್ನಿ ತೊಂದರೆ ಇರುವವರು ಉಪ್ಪನ್ನೂ ಎಳನೀರನ್ನೂ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಒಂದು ಮಾರ್ಚ್ ಮಧ್ಯಾಹ್ನ ಅಮ್ಮ ಬಟ್ಟೆ ಒಣಗಿಸಿ ಒಳಗೆ ಬಂದವರು ಗೋಡೆ ಹಿಡಿದು ನಿಂತರು. ಕಣ್ಣು ಕತ್ತಲೆ ಅಂದರು. ಬೆಳಿಗ್ಗೆಯಿಂದ ಎರಡು ಲೋಟ ಚಾ ಬಿಟ್ಟು ಏನೂ ಕುಡಿದಿರಲಿಲ್ಲ. "ಬಾಯಾರಲೇ ಇಲ್ಲ" ಅಂದರು. ಅದು ನಿಜವೇ. ವಯಸ್ಸಾದಂತೆ ಬಾಯಾರಿಕೆಯ ಗಂಟೆ ಮೆಲ್ಲಗೆ ಬಡಿಯುತ್ತದೆ, ಬೆವರೂ ಕಡಿಮೆಯಾಗುತ್ತದೆ. ಅದರ ಮೇಲೆ ಅಮ್ಮ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ ಮೂತ್ರ ಹೆಚ್ಚಿಸುವ ಜಾತಿಯದ್ದು. ಚರ್ಮದ ರಕ್ತನಾಳಗಳು ಅಗಲವಾಗಿವೆ, ರಕ್ತದ ಪ್ರಮಾಣ ಕಡಿಮೆಯಾಗಿದೆ, ನಿಂತ ಕೂಡಲೇ ಮಿದುಳಿಗೆ ರಕ್ತ ಸಾಲದು. ಮಲಗಿಸಿ, ಕಾಲು ಮೇಲಿಟ್ಟು, ಗಂಜಿ ತೆಳಿ ಕೊಟ್ಟ ಮೇಲೆ ಚೇತರಿಸಿಕೊಂಡರು. ಡಾಕ್ಟರು ಬೇಸಿಗೆಗೆ ಮಾತ್ರೆಯ ಪ್ರಮಾಣ ಬದಲಿಸಿದರು. ಬಿಪಿಯ ಕೆಲವು ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಮೈಯ ಈ ವ್ಯವಸ್ಥೆಗೆ ಅಡ್ಡ ಬರುತ್ತವೆ. ನೀವೇ ನಿಲ್ಲಿಸಬೇಡಿ, ಆದರೆ ಫೆಬ್ರವರಿಯಲ್ಲೇ ಒಮ್ಮೆ ಡಾಕ್ಟರನ್ನು ಕೇಳಿ.

ಫೆಬ್ರವರಿ ಅಂದದ್ದಕ್ಕೆ ಕಾರಣ ಇದೆ. ಮೈಗೆ ಸೆಕೆಯನ್ನು ಕಲಿಯುವ ಶಕ್ತಿ ಇದೆ. ದಿನಾ ಸ್ವಲ್ಪ ಸ್ವಲ್ಪ ಬಿಸಿಗೆ ಒಡ್ಡಿಕೊಂಡರೆ 7ರಿಂದ 14 ದಿನದಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಕೆಲವು ವಾರ ತಂಪಿನಲ್ಲಿದ್ದರೆ ಈ ಕಲಿಕೆ ಮರೆತುಹೋಗುತ್ತದೆ. ಹಾಗಾಗಿ ಮೇ ತಿಂಗಳ 35 ಡಿಗ್ರಿಗಿಂತ ಫೆಬ್ರವರಿಯ 35 ಡಿಗ್ರಿ ಅಪಾಯ. ಮೈ ಇನ್ನೂ ಪಾಠ ಕಲಿತಿರುವುದಿಲ್ಲ. ಸುಮಾರು 600 ಮೀಟರ್ ಎತ್ತರದ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಕೆಲಸಕ್ಕೆ ಬಂದವರಿಗೆ, ಉತ್ತರದ ರಾಜ್ಯಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಹುಡುಗರಿಗೆ ಮೊದಲ ವಾರ ಪೂರ್ತಿ ಕೆಲಸ ಕೊಡಬಾರದು. ಅರ್ಧ ದಿನದಿಂದ ಶುರು ಮಾಡಿಸಬೇಕು. ಇದು ಸಲೀಸಾಗಿ ಮಾಡಬಹುದಾದ ಕೆಲಸ, ಗುತ್ತಿಗೆದಾರರು ಮನಸ್ಸು ಮಾಡಬೇಕು ಅಷ್ಟೇ.

2025ರ ಫೆಬ್ರವರಿ ಕೊನೆಯಲ್ಲಿ ಹವಾಮಾನ ಇಲಾಖೆ ನಮ್ಮ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಆ ಕಾಲದ ಬಿಸಿ ಹೆಚ್ಚಾಗಿ ಮೂಡಣ ಗಾಳಿಯದ್ದು. ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬಂದು ನೆಲವನ್ನು ತಂಪು ಮಾಡುತ್ತದೆ. ಘಟ್ಟದ ಕಡೆಯಿಂದ ಒಣಗಾಳಿ ಜೋರಾಗಿ ಬೀಸಿದರೆ ಕಡಲಗಾಳಿ ತಡವಾಗುತ್ತದೆ. ಘಟ್ಟ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಬಿಸಿಯಾಗುತ್ತದೆ. ಆ ದಿನ ನಮ್ಮಲ್ಲಿ ಇರುವುದು ನಿಜವಾಗಿ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಡಲಗಾಳಿ ಸರಿಯಾಗಿ ಬರುತ್ತದೆ, ಉಷ್ಣಾಂಶ ಇಳಿಯುತ್ತದೆ, ತೇವ ಏರುತ್ತದೆ. ಆಗ ಸೆಕೆ.

ಅಳತೆಗೋಲಿನ ಸಮಸ್ಯೆ ಇಲ್ಲಿಯೇ. ಕರಾವಳಿಯ ಊರಿನಲ್ಲಿ ಬಿಸಿಗಾಳಿ ಅಂತ ಘೋಷಿಸಬೇಕಾದರೆ ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಬಯಲುಸೀಮೆಗೆ 40 ಡಿಗ್ರಿಯ ಗೆರೆ. ಕರಾವಳಿಗೆ ಕಡಿಮೆ ಗೆರೆ ಇಟ್ಟದ್ದು ಒಳ್ಳೆಯದೇ. ಆದರೆ ಅದು ಬಿಸಿಲಿನ ಗೆರೆ. ಏಪ್ರಿಲ್‌ನ 34 ಡಿಗ್ರಿ, ಶೇಕಡಾ 70 ತೇವದ ದಿನ ಈ ಗೆರೆಯ ಹತ್ತಿರವೂ ಬರುವುದಿಲ್ಲ. ಮೈ ಸೋಲುವ ಅಂಚಿಗೆ ಬಂದ ದಿನ ಎಚ್ಚರಿಕೆಯ ಪಟ್ಟಿಯಲ್ಲಿ ಮಾಮೂಲಿ ದಿನವಾಗಿ ಉಳಿಯುತ್ತದೆ. ಇಲಾಖೆ ಬಿಸಿ ಮತ್ತು ತೇವದ ಹವೆ ಅಂತ ಬೇರೆ ಸೂಚನೆಯನ್ನೂ ಕೊಡುತ್ತದೆ, 2023ರಿಂದ ಪ್ರಾಯೋಗಿಕವಾಗಿ, ಬಿಸಿ ಮತ್ತು ತೇವ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಬಿಸಿ ಸೂಚ್ಯಂಕದ ನಕ್ಷೆಯನ್ನೂ ಕೊಡುತ್ತಿದೆ. ಅದು ಮೀನು ಒಣಗಿಸುವ ಬಯಲಿಗೆ, ರಸ್ತೆ ಕೆಲಸದ ಜಾಗಕ್ಕೆ, ಶಾಲೆಯ ಆಟದ ಮೈದಾನಕ್ಕೆ ಕನ್ನಡದಲ್ಲಿ, ಒಂದು ಸಾಲಿನಲ್ಲಿ ತಲುಪಬೇಕು. 'ಇಂದು ಸೆಕೆ ಜಾಸ್ತಿ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಭಾರದ ಕೆಲಸ ಬೇಡ' ಅಂದರೆ ಸಾಕು. ಮೀನುಗಾರರಿಗೆ ಕಡಲು ಪ್ರಕ್ಷುಬ್ಧ ಅಂತ ತಿಳಿಸಲು ನಮಗೆ ಬರುತ್ತದೆ. ಇದನ್ನೂ ಮಾಡಬಹುದು.

ರಾತ್ರಿಯ ಮಾತೂ ಇದೆ. ನಿದ್ದೆಯಲ್ಲಿ ಒಳಗಿನ ಉಷ್ಣಾಂಶ ಸುಮಾರು ಒಂದು ಡಿಗ್ರಿ ಇಳಿಯಬೇಕು. ಹಗಲಿನ ದಣಿವು ತೀರಿಸಿಕೊಳ್ಳಲು ಹೃದಯಕ್ಕೆ ಸಿಗುವ ಬಿಡುವು ಅದು. ಕರಾವಳಿಯಲ್ಲಿ ರಾತ್ರಿ ಬಿಸಿ ಸ್ವಲ್ಪ ಇಳಿದರೂ ತೇವಾಂಶ ಏರುತ್ತದೆ. ಹಂಚಿನ ಮಾಡಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ತಾರಸಿಯ ಕಾಂಕ್ರೀಟು ಹಗಲೆಲ್ಲ ಬಿಸಿ ಕುಡಿದು ರಾತ್ರಿ ಮನೆಯೊಳಗೆ ಕಕ್ಕುತ್ತದೆ. ತಗಡಿನ ಶೆಡ್ಡಿನಲ್ಲಿ ಮಲಗುವವರ ಪಾಡು ಇನ್ನೂ ಕಷ್ಟ. ಸಂಜೆ ತಾರಸಿಗೆ ನೀರು ಹಾಕುವುದು, ಬಿಳಿ ಸುಣ್ಣ ಬಳಿಯುವುದು, ಎದುರುಬದುರು ಕಿಟಕಿ ತೆರೆದಿಡುವುದು ಇವೆಲ್ಲ ಸಣ್ಣ ಕೆಲಸಗಳೇ. ಆದರೆ ಒಳ್ಳೆಯ ನಿದ್ದೆ ಮಾಡಿದ ಮೈ ಮರುದಿನದ ಸೆಕೆಯನ್ನು ಚೆನ್ನಾಗಿ ತಡೆಯುತ್ತದೆ.

ಕೊನೆಗೆ ಒಂದು ಗೊಂದಲ ಬಿಡಿಸಲೇಬೇಕು, ಯಾಕೆಂದರೆ ಇದರಲ್ಲಿ ಜೀವ ಹೋಗುತ್ತದೆ. ಜ್ವರ ಬೇರೆ, ಬಿಸಿಲು ಬಡಿತ ಬೇರೆ. ಜ್ವರದಲ್ಲಿ ಹೈಪೋಥಲಾಮಸ್ ತಾನೇ ಗೆರೆಯನ್ನು ಮೇಲಕ್ಕೆ ಎತ್ತಿಕೊಂಡಿರುತ್ತದೆ. ರೋಗಾಣು ಬಂದಿದೆ, 39ಕ್ಕೆ ಏರಿಸು ಅಂತ. ಅದಕ್ಕೇ ಮೈ ಸುಡುತ್ತಿದ್ದರೂ ಚಳಿ ಅನ್ನಿಸುವುದು, ಕಂಬಳಿ ಬೇಕಾಗುವುದು. ಪ್ಯಾರಾಸಿಟಮಾಲ್ ಆ ಗೆರೆಯನ್ನು ಕೆಳಗಿಳಿಸುತ್ತದೆ. ಬಿಸಿಲು ಬಡಿತದಲ್ಲಿ ಗೆರೆ 37ರಲ್ಲೇ ಇದೆ. ಮೈ ತಣಿಸಿಕೊಳ್ಳಲು ಒದ್ದಾಡಿ ಸೋತಿದೆ. ಅಲ್ಲಿ ಮಾತ್ರೆ ಕೆಲಸ ಮಾಡುವುದಿಲ್ಲ. ಸೆಕೆಯಲ್ಲಿ ದುಡಿಯುತ್ತಿದ್ದವರು ಏನೇನೋ ಮಾತಾಡತೊಡಗಿದರೆ, ತೂರಾಡಿದರೆ, ಬಿದ್ದರೆ ನಿಮಿಷ ಕಾಯಬೇಡಿ. ಬೆವರು ನಿಂತಿರಬೇಕು ಅಂತೇನಿಲ್ಲ, ದುಡಿಯುತ್ತಾ ಬಿದ್ದವರು ಬೆವರಿನಲ್ಲಿ ತೊಯ್ದೇ ಇರಬಹುದು. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ನೆ ನಿಲ್ಲದೆ ನೆರಳಿಗೆ ಎಳೆದು, ಮೈತುಂಬ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಡಿ. ಮೀನು ಸಾಗಿಸುವ ಬಂದರಿನಲ್ಲಿ ಐಸಿಗೆ ಬರವಿಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಘಟ್ಟದ ಮೇಲಿನವರಿಗೆ ಇನ್ನೊಂದು ಮಾತು. 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹೆಚ್ಚುವುದೂ ಇದೇ ಬೇಸಿಗೆಯಲ್ಲಿ. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕು ಅದನ್ನು ಚೆನ್ನಾಗಿ ಅನುಭವಿಸಿದೆ. ಕಾಡಿಗೆ ಹೋಗಿ ಬಂದವರಿಗೆ ಚಳಿ, ಜ್ವರ, ಸೊಂಟನೋವು ಬಂದರೆ ಅದನ್ನು ಬಿಸಿಲಿನ ತಲೆಮೇಲೆ ಹಾಕಿ ಮನೆಯಲ್ಲಿ ಉಳಿಯಬಾರದು. ರಕ್ತಪರೀಕ್ಷೆ ಆಗಬೇಕು.

ಈ ಬೇಸಿಗೆ ಯಾವುದಾದರೂ ಶಾಲೆಯ ಮಕ್ಕಳು ಒಂದು ಕೆಲಸ ಮಾಡಲಿ ಅಂತ ನನಗೆ ಆಸೆ. ಎರಡು ಸಾಧಾರಣ ಥರ್ಮಾಮೀಟರ್ ಸಾಕು, ಜ್ವರ ನೋಡುವಂಥದ್ದಲ್ಲ, ಕೋಣೆಯ ಉಷ್ಣಾಂಶ ನೋಡುವಂಥದ್ದು. ಒಂದರ ಬುಡಕ್ಕೆ ಹತ್ತಿಯ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿಡಿ. ನೆರಳಿನಲ್ಲಿ ಎರಡನ್ನೂ ಪಕ್ಕಪಕ್ಕ ತೂಗುಹಾಕಿ, ಐದು ನಿಮಿಷ ಬೀಸಣಿಗೆ ಬೀಸಿ ಓದಿಕೊಳ್ಳಿ. ಎರಡರ ನಡುವಿನ ಅಂತರ ಕಡಿಮೆಯಾದಷ್ಟೂ ಬೆವರು ಆರುವುದು ಕಷ್ಟ. ಒದ್ದೆ ಬಟ್ಟೆಯದ್ದು 28 ದಾಟಿದ ದಿನ ಬಿಸಿಲಿನ ಆಟ ಬೇಡ. 30 ಮುಟ್ಟಿದ ದಿನ ಆ ಸಂಖ್ಯೆಯನ್ನು ದೊಡ್ಡದಾಗಿ ಗೇಟಿನ ಹಲಗೆಯ ಮೇಲೆ ಬರೆಯಿರಿ, ದಾರಿಯಲ್ಲಿ ಮೀನು ಹೊತ್ತು ಹೋಗುವವರಿಗೂ ಕಾಣುವ ಹಾಗೆ.